ಮರಿಗಳಿಗೆ ಬೇಕಿದ್ದ ಹಳದಿ ಬಲ್ಬು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮರಿಗಳು ಏಳು ಎಂದು ನನ್ನ ನೆನಪು. ಆದರೆ ಡೈರಿಯ ಒಂದು ಪುಟದಲ್ಲಿ ಏಳು ಎಂದೂ ಮುಂದಿನ ಪುಟದಲ್ಲಿ ಎಂಟು ಎಂದೂ ಇದೆ. ಎರಡೂ ನನ್ನದೇ ಅಕ್ಷರ. ಪೀಣ್ಯದ ಕಾರ್ಖಾನೆಯೊಂದರಲ್ಲಿ ವಾಲ್ವುಗಳನ್ನು ಪರೀಕ್ಷಿಸಿ ಎಣಿಸುವುದು ನನ್ನ ಕೆಲಸ. ವಾಲ್ವುಗಳು ಓಡಾಡುವುದಿಲ್ಲ ಎಂಬುದಷ್ಟೇ ನನ್ನ ಸಮಾಧಾನ.

ಎಲ್ಲ ಶುರುವಾದದ್ದು ಜಂಬದಿಂದ. ಮಾಕಳಿಯಲ್ಲಿರುವ ನನ್ನ ಸೋದರತ್ತೆ ಜಯಮ್ಮನವರ ಬಳಿ ಉಳಿದಿದ್ದದ್ದು ಒಂದೇ ನಾಟಿ ಕೋಳಿ. ಅದು ಕಾವಿಗೆ ಕೂತರೆ ಸಾಕು, ಹಿತ್ತಲಾಚೆಯ ಶೆಡ್ಡಿನಲ್ಲಿ ತಗಡು ಬಡಿಯುವ ಮಷೀನು ಶುರುವಾಗುತ್ತಿತ್ತು, ಕೋಳಿ ಎದ್ದು ಓಡುತ್ತಿತ್ತು. ಶೆಡ್ಡನ್ನು ಬಾಡಿಗೆಗೆ ಕೊಟ್ಟವರು ಅತ್ತೆಯೇ ಆದ್ದರಿಂದ ಬೈಯಲು ಅವರಿಗೆ ಯಾರೂ ಸಿಕ್ಕಿರಲಿಲ್ಲ. "ನಮ್ಮವ್ವನ ಕಾಲದ್ ತಳಿ. ಇಲ್ಲಿಗ್ ಮುಗೀತು ಕಣವ್ವ" ಎಂದರು. ನಾನು ಓದಿದವಳಲ್ಲವೇ? "ಮಷೀನಲ್ಲಿ ಮರಿ ಮಾಡಿಸ್ತೀನಿ ಬಿಡಿ" ಎಂದು ಹತ್ತು ಮೊಟ್ಟೆ ಕಟ್ಟಿಸಿಕೊಂಡು ಬಾಗಲಗುಂಟೆಯ ನನ್ನ ಮನೆಗೆ ಬಂದೆ.

ಮೊಟ್ಟೆಗೆ ಕಾವು ಕೊಡುವ ಇನ್‌ಕ್ಯುಬೇಟರ್ ಸಹೋದ್ಯೋಗಿಯೊಬ್ಬರದು. ಮರಿಗಳ ಮೈ ಒಣಗಿದ ಕೂಡಲೇ ಹಿಂದಿರುಗಿಸುವ ಮಾತಾಗಿತ್ತು. ಹಾಗಾಗಿ ಆಮೇಲಿನ ಆರೈಕೆಗೆ ಏನೇನು ಬೇಕೆಂದು ಮೊದಲೇ ಅತ್ತೆಗೆ ಫೋನ್ ಮಾಡಿದೆ.

"ಮೊದಲ ದಿನ ನೀರು ಹೇಗೆ ಕುಡಿಸೋದು ಅತ್ತೆ?"

"ಕೋಳಿ ತೋರಿಸ್ಕೊಡ್ತದೆ."

"ಬಿಸಿ ಎಷ್ಟಿರ್ಬೇಕು?"

"ರೆಕ್ಕೆ ಕೆಳಗಿರೋಷ್ಟು."

"ಕೋಳಿನೇ ಇಲ್ವಲ್ಲ ಅತ್ತೆ!"

"ಅಂಗಾರೆ ನನ್ಯಾಕ್ ಕೇಳ್ತೀಯ? ಕಾವಿಗ್ ಕೂತಿದ್ದೋಳು ನಾನಾ?"

ಜೀವಮಾನವಿಡೀ ಕೋಳಿ ಸಾಕಿದವರ ಅನುಭವದ ಸಾರ ಇಷ್ಟೇ: ಕೆಲಸವನ್ನೆಲ್ಲ ಕೋಳಿ ಮಾಡುತ್ತಿತ್ತು. ನಾನು ಮೊಬೈಲಿನಲ್ಲಿ ಹುಡುಕಿ ಪಟ್ಟಿ ಮಾಡಿದೆ. ಟಿವಿ ಬಂದಿದ್ದ ರಟ್ಟಿನ ಡಬ್ಬ, ಭತ್ತದ ಹೊಟ್ಟು, ಅಕ್ಕಿ ನುಚ್ಚು, ಮರಿ ಮುಳುಗದಂತೆ ಬೆಣಚುಕಲ್ಲು ತುಂಬಿದ ನೀರಿನ ಮುಚ್ಚಳ, ಮೇಲೊಂದು ಬಲ್ಬು. ಪ್ರತಿಯೊಂದರ ಮುಂದೂ ಸರಿ ಗುರುತು ಹಾಕಿದೆ. ಕಾರ್ಖಾನೆಯಲ್ಲಿ ಇಷ್ಟಾದರೆ ಮಾಲು ಪಾಸು.

ಮರಿಗಳು ಹೊರಬಂದು ಮೈ ಒಣಗಿದ ದಿನ ಬೆಳಿಗ್ಗೆಯೇ ಇನ್‌ಕ್ಯುಬೇಟರ್ ವಾಪಸ್ ಹೋಯಿತು. ಡಬ್ಬದಲ್ಲಿ ಮರಿಗಳು ಒಂದರ ಕೆಳಗೊಂದು ನುಗ್ಗುತ್ತಾ ಕಿರುಚತೊಡಗಿದವು. ಬೆಳಕು ಸಾಲದೇನೋ ಎಂದು ಒಂಬತ್ತು ವ್ಯಾಟಿನ ಎಲ್ಇಡಿ ತೆಗೆದು ಹನ್ನೆರಡರದ್ದು ಹಾಕಿದೆ. ಕಿರುಚಾಟ ಹೆಚ್ಚಾಯಿತು. ಪಕ್ಕದಲ್ಲಿ ಇನ್ನೊಂದು ಹಾಕಿದೆ. ಕೆಳಗಿನ ಮನೆಯಾಕೆ ಬಾಗಿಲಲ್ಲಿ ಇಣುಕಿ, "ಏನಕ್ಕಾ, ಶೂಟಿಂಗಾ?" ಎಂದಳು. ಅಷ್ಟರಲ್ಲಿ ಎಲ್ಲಕ್ಕಿಂತ ಚಿಕ್ಕ ಮರಿ ಕಿರುಚುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿತು. ಡೈರಿಯಲ್ಲಿ ಬರೆದೆ: "ಒಂದು ಮರಿ ಸಮಾಧಾನವಾಗಿದೆ." ಆಮೇಲೆ ಯಾಕೋ ಅನುಮಾನ ಬಂದು ಅದನ್ನು ಮುಟ್ಟಿ ನೋಡಿದರೆ ಮೈ ತಣ್ಣಗಿತ್ತು. ಡಬ್ಬವೂ ತಣ್ಣಗಿತ್ತು.

ಚಿಕ್ಕದನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಬೀದಿಯ ಎಲೆಕ್ಟ್ರಿಕ್ ಅಂಗಡಿಗೆ ಓಡಿದೆ. "ಅಣ್ಣ, ಜಾಸ್ತಿ ಬಿಸಿ ಆಗೋ ಎಲ್ಇಡಿ ಕೊಡಿ."

ಅಂಗಡಿಯವನು ನನ್ನನ್ನೂ ಮರಿಯನ್ನೂ ನೋಡಿದ. "ಬಿಸಿ ಆದ್ರೆ ಜನ ವಾಪಸ್ ತಂದು ಜಗಳ ಆಡ್ತಾರೆ ಮೇಡಂ. ನಿಮಗ್ ಬೇಕಾಗಿರೋದು ಹಳೇ ಹಳದಿ ಬಲ್ಬು. ಅದನ್ನ ನಾನ್ ಇಡೋದ್ ಬಿಟ್ಟು ಎಷ್ಟ್ ಕಾಲ ಆಯ್ತೋ!"

ಪದವಿಯಲ್ಲಿ ನಾನು ಓದಿದ್ದು ಭೌತಶಾಸ್ತ್ರ.

ಮತ್ತೆ ಅತ್ತೆಗೆ ಫೋನ್. "ಮರಿಗಳು ತಣ್ಣಗಾಗ್ತಿವೆ ಅತ್ತೆ. ನಿಮ್ಮನೇಲಿದ್ವಲ್ಲ ಹಳದಿ ಬಲ್ಬುಗಳು?"

"ನೀನೇ ಅಲ್ವೇನೇ ಎಲ್ಲಾನೂ ಕಿತ್ತಾಕ್ಸಿ ಬಿಸಾಕ್ಸಿದ್ದು?"

ಇಲ್ಲ, ಅವರೇ ತೆಗೆಸಿದ್ದು ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಫೋನ್ ಕಟ್ಟಾಯಿತು. ಹಳೆಯ ಡೈರಿ ತೆರೆದರೆ, "ಅತ್ತೆಯ ಮನೆಯ ಬಲ್ಬುಗಳನ್ನೆಲ್ಲ ಬದಲಾಯಿಸಿ ಎಲ್ಇಡಿ ಹಾಕಿಸಿಬಿಟ್ಟೆ. ಹಳೆಯವನ್ನು ಎಸೆಯಲು ಹೇಳಿದೆ. ಒಳ್ಳೆಯ ಕೆಲಸ" ಎಂದಿತ್ತು. ಅದರ ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಮರಿಗಳನ್ನೆಲ್ಲ ಉಣ್ಣೆ ಶಾಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕೂತೆ. ಕೋಳಿಯ ಕೆಲಸ ಎಷ್ಟು ಕಷ್ಟದ್ದೆಂದು ಕಾಲು ಜೋಮು ಹಿಡಿದಾಗ ತಿಳಿಯಿತು. ಸುಮಾರು ಒಂದು ಗಂಟೆಯ ಮೇಲೆ ಅತ್ತೆ ಬಸ್ಸಿಳಿದು ಬಂದರು. ಚೀಲದಿಂದ ಒಂದು ಟವೆಲ್ ಗಂಟು ತೆಗೆದು ಬಿಚ್ಚಿದರು. ಒಳಗೆ ಧೂಳು ಹಿಡಿದ ಹಳದಿ ಬಲ್ಬು.

ಅದನ್ನು ಹಾಕಿದ ಸ್ವಲ್ಪ ಹೊತ್ತಿಗೆ ಕಿರುಚಾಟ ನಿಂತು, ಮರಿಗಳು ಹೊಟ್ಟಿನ ಮೇಲೆ ಹರಡಿಕೊಂಡವು. ಅತ್ತೆ ಚಿಕ್ಕದರ ಕೊಕ್ಕನ್ನು ನೀರಿಗೆ ಮುಟ್ಟಿಸಿದರು. ಅದು ಕತ್ತೆತ್ತಿ ನುಂಗಿತು. ನನಗೆ ಅಳು ಬಂದಿತ್ತೋ ಇಲ್ಲವೋ, ಡೈರಿಯಲ್ಲಿಲ್ಲ. ಈಗಲಾದರೂ ಲೆಕ್ಕ ಸರಿಮಾಡೋಣ ಎಂದು "ಒಂದು, ಎರಡು" ಎಂದೆನೋ ಇಲ್ಲವೋ, ಅತ್ತೆ ಕೈ ಮೇಲೆ ಹೊಡೆದರು. "ಮರಿ ಎಣಿಸ್ಬಾರ್ದು ಕಣೇ, ದೃಷ್ಟಿ ಆಯ್ತದೆ."

ಎಣಿಸುವುದನ್ನು ಬಿಟ್ಟು ಬಲ್ಬನ್ನೇ ನೋಡುತ್ತಾ ಕೂತೆ. ಆಮೇಲೆ ಕೇಳಿದೆ: "ಅತ್ತೆ, ನಾನು ಬಿಸಾಕಿ ಅಂದಿದ್ದರಲ್ಲಿ ಇನ್ನೂ ಏನೇನು ಎತ್ತಿಟ್ಟಿದೀರಿ?"

ಅತ್ತೆ ಬಾಗಿ, ಹೊಟ್ಟನ್ನು ಸಮ ಮಾಡತೊಡಗಿದರು. ಹೊಟ್ಟು ಸಮವಾಗಿಯೇ ಇತ್ತು.