ಕುಡಿಯುವುದು ಉಂಗುರ, ನಾನಲ್ಲ

ಇಂದ:
ಡಾ. ಶಿವಯೋಗೀಶ ಹೊಸಮನಿ,
ರಸಾಯನಶಾಸ್ತ್ರದ ಅಧ್ಯಾಪಕ ಹಾಗೂ ತಮ್ಮ ಹಿರಿಯ ಅಳಿಯ (ಸದ್ಯ ಅಮಾನತಿನಲ್ಲಿ),
ಸತ್ತೂರ, ಧಾರವಾಡ.

ಗೆ:
ಶ್ರೀಮತಿ ರತ್ನವ್ವ ನೀಲಕಂಠಪ್ಪ ಅಂಗಡಿ,
ನಿವೃತ್ತ ಹೆಡ್ ಕ್ಲಾರ್ಕ್ ಹಾಗೂ ನನ್ನ ಅತ್ತೆಯವರು,
ಬೆಂಗೇರಿ, ಹುಬ್ಬಳ್ಳಿ.

ವಿಷಯ: ಮದುವೆಯ ಪ್ಲಾಟಿನಂ ಉಂಗುರವು ಮದ್ಯಸಾರದಲ್ಲಿ ಮುಳುಗಿದ್ದ ಪ್ರಕರಣದಲ್ಲಿ ನನ್ನನ್ನು ನಿರ್ದೋಷಿ ಎಂದು ಪರಿಗಣಿಸಿ, ತವರಿನಲ್ಲಿ ತಡೆಹಿಡಿಯಲಾದ ಪತ್ನಿಯನ್ನು ಬಿಡುಗಡೆ ಮಾಡುವ ಕುರಿತು.

ಉಲ್ಲೇಖ: 1. ನಾದಿನಿಯ ಸೀಮಂತದ ಪಂಕ್ತಿಯಲ್ಲಿ ತಾವು ಹೊರಡಿಸಿದ ಮೌಖಿಕ ಆದೇಶ.
2. "ವಿಷಯ ಇಲ್ಲ, ಉಲ್ಲೇಖ ಇಲ್ಲ, ಇದು ಅರ್ಜಿ ಅಲ್ಲ, ಅಳು" ಎಂಬ ಷರಾದೊಂದಿಗೆ ತಾವು ಹಿಂದಿರುಗಿಸಿದ ನನ್ನ ಮೊದಲ ಅರ್ಜಿ.

ಮಾನ್ಯರೇ,

ಈ ಸಲ ವಿಷಯವೂ ಇದೆ, ಉಲ್ಲೇಖವೂ ಇದೆ. ಆದ್ದರಿಂದ ಪೂರ್ತಿ ಓದಬೇಕಾಗಿ ಮೊದಲೇ ಕೋರುತ್ತೇನೆ.

1. ಸೀಮಂತದ ದಿನ ಹೋಳಿಗೆಗೆ ತುಪ್ಪ ಬಡಿಸುತ್ತ ಬಂದ ತಾವು ನನ್ನ ಬರಿ ಬೆರಳು ನೋಡಿ, "ಅಳಿಯಂದ್ರ, ಉಂಗರ ಎಲ್ಲೈತ್ರಿ?" ಎಂದು ವಿಚಾರಿಸಿದಿರಿ. ಥಟ್ಟನೆ ಸುಳ್ಳು ಹೇಳಲು ಬಾರದ ಕಾರಣ, "ಲ್ಯಾಬಿನ್ಯಾಗ ಐತ್ರಿ, ಆಲ್ಕೋಹಾಲಿನ್ಯಾಗ ಮುಳುಗೈತಿ" ಎಂದೆ. ಮೂರು ತಲೆಮಾರಿನಿಂದ ಶೆರೆ ಸುಳಿಯದ ಮನೆಯ ಪಂಕ್ತಿ ಅದು. ಎಲ್ಲರ ಕೈ ತಟ್ಟೆಯಲ್ಲೇ ನಿಂತವು. ತಾವು ತುಪ್ಪದ ಮಿಳ್ಳಿ ಹಿಂದಕ್ಕೆ ಎಳೆದುಕೊಂಡು, "ಉಂಗರಾನೂ ಕುಡದ್ರೇನ್ರಿ?" ಎಂದಿರಿ. ಅದೇ ಸಂಜೆ ನನ್ನ ಪತ್ನಿ ವಾಣಿಶ್ರೀಯನ್ನು ತಮ್ಮಲ್ಲೇ ಉಳಿಸಿಕೊಂಡಿರಿ. ನಾನು ಒಣ ಹೋಳಿಗೆ ತಿಂದು ಒಬ್ಬನೇ ಬಸ್ಸು ಹತ್ತಿದೆ.

2. ನಾನು ಕುಡಿದಿಲ್ಲ. ಸದರಿ ದ್ರವ ನೀರು, ಆಸಿಡ್ಡು ಬೆರೆಸಿದ ಮೆಥನಾಲ್. ಅದನ್ನು ಕುಡಿದವರ ಕಣ್ಣು ಹೋಗುತ್ತದೆ, ಹಿಂದೆಯೇ ಜೀವವೂ ಹೋಗುತ್ತದೆ. ಈ ಅರ್ಜಿಯನ್ನು ನಾನೇ, ಕನ್ನಡಕವಿಲ್ಲದೆ ಟೈಪು ಮಾಡಿದ್ದೇನೆ ಎಂಬುದನ್ನೇ ಪುರಾವೆಯಾಗಿ ಪರಿಗಣಿಸತಕ್ಕದ್ದು. ಕುಡಿಯುವುದು ಉಂಗುರ.

3. ಅದು ಕುಡಿಯುವ ಬಗೆ: ಮೆಥನಾಲಿನ ಅಣು ಪ್ಲಾಟಿನಂ ಮೇಲೆ ಬಂದು ಕೂರುತ್ತದೆ. ಪ್ಲಾಟಿನಂ ಅದರ ಹೈಡ್ರೋಜನ್‌ಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಆಗ ಹೊರಡುವ ಎಲೆಕ್ಟ್ರಾನುಗಳೇ ನಮಗೆ ಬೇಕಾದ ವಿದ್ಯುತ್ತು. ಇಲ್ಲಿಯವರೆಗೆ ಎಲ್ಲ ಛಲೋ. ಕೊನೆಗೆ ಉಳಿಯುವ ಕಾರ್ಬನ್ ಮೊನಾಕ್ಸೈಡ್ ಮಾತ್ರ ಉಂಡು ಮುಗಿದರೂ ಪಂಕ್ತಿಯಿಂದ ಏಳದ ಹಿರಿಯರ ಹಾಗೆ. ತಾನೂ ಏಳುವುದಿಲ್ಲ, ಹಿಂದೆ ಹಸಿದು ನಿಂತವರಿಗೂ ಜಾಗ ಬಿಡುವುದಿಲ್ಲ. ಕಾಲೇಜಿನ ಶುದ್ಧ ಪ್ಲಾಟಿನಂ ತಗಡು ಪ್ರತಿ ಸಲ ಸ್ವಲ್ಪ ಹೊತ್ತು ನಡೆದು ಹೀಗೇ ಕೂತುಬಿಡುತ್ತಿತ್ತು. ಅದರ ಜೊತೆ, ಮೆಥನಾಲಿನಿಂದ ವಿದ್ಯುತ್ತು ತೆಗೆಯುವ ನನ್ನ ಸಂಶೋಧನೆಯೂ ಕೂತಿತ್ತು. ಆದ್ದರಿಂದ ಒಂದು ಮಧ್ಯಾಹ್ನ ತಲೆ ಕೆಟ್ಟು, ಬೆರಳಿನ ಉಂಗುರವನ್ನೇ ತಂತಿಗೆ ಕಟ್ಟಿ ಇಳಿಬಿಟ್ಟೆ.

4. ಉಂಗುರ ನಿಲ್ಲಲಿಲ್ಲ! ಸಂಜೆಯವರೆಗೂ ಕುಡಿಯಿತು. ನಾನು ಲ್ಯಾಬಿನಲ್ಲಿ ಒಬ್ಬನೇ ಕುಣಿದೆ. (ಕಿಟಕಿಯಿಂದ ಇದನ್ನು ಕಂಡ ಜವಾನ ಹೊರಗೆ ಹೇಳಿದ್ದು ತಮ್ಮ ಕಿವಿಗೂ ಬಿದ್ದಿದ್ದರೆ, ಅದಕ್ಕೂ ಇದೇ ಸಮಜಾಯಿಷಿ.) ಕಾರಣ ಆಮೇಲೆ ತಿಳಿಯಿತು. ಉಂಗುರ ಮೆತ್ತಗಾಗದಿರಲೆಂದು ಪ್ಲಾಟಿನಂಗೆ ನೂರಕ್ಕೆ ಐದು ಪಾಲು ಬೇರೆ ಲೋಹ ಬೆರೆಸುತ್ತಾರೆ. ನಮ್ಮದರಲ್ಲಿ ಬೆರೆತಿರುವುದು ರುಥೇನಿಯಂ. ಅದು ಪಕ್ಕದಲ್ಲೇ ನೀರು ಹಿಡಿದು ನಿಂತಿರುತ್ತದೆ. ಆ ನೀರಿನ ಆಮ್ಲಜನಕ ಸಿಕ್ಕಿತೋ, ಕಾರ್ಬನ್ ಮೊನಾಕ್ಸೈಡು ಕಾರ್ಬನ್ ಡೈಆಕ್ಸೈಡಾಗಿ ಎದ್ದು ಹೋಗುತ್ತದೆ. ವಾಣಿಶ್ರೀ ತಂಬಿಗೆ ಹಿಡಿದು "ಕೈ ತೊಳಕೋರಿ ಕಾಕಾ" ಎಂದು ನಗುತ್ತಲೇ ಇಡೀ ಪಂಕ್ತಿಯನ್ನು ಎಬ್ಬಿಸುವುದನ್ನು ತಾವು ನೋಡಿಯೇ ಇದ್ದೀರಿ.

5. ಇದನ್ನು ವಿವರಿಸಿದ್ದೇ ಹೊಸ ಆಪಾದನೆಗೆ ದಾರಿಯಾಯಿತು. ಸ್ಥಳ ಪರಿಶೀಲನೆಗೆಂದು ಲ್ಯಾಬಿಗೆ ದಯಮಾಡಿಸಿದ ತಾವು ಬೀಕರಿಗೆ ಮೂಗು ಒಡ್ಡಲು ಹೋದಿರಿ (ತಡೆದೆ). ಬಳಿಕ, "ಐದ ಪಾಲು ಬ್ಯಾರೆ ಅಂದ್ರ, ನಮ್ಮ ಯಜಮಾನ್ರು ಕೊಡಿಸಿದ್ದು ಖೊಟ್ಟಿ ಉಂಗರ ಅಂದಂಗಾತು" ಎಂದಿರಿ. ಹತ್ತಿ ವ್ಯಾಪಾರಿಗಳಾದ ಮಾವನವರು ಜೊತೆಯಲ್ಲೇ ಇದ್ದರು. "ಹತ್ತ್ಯಾಗ ಕಸಾ ಇದ್ದರ ರೇಟ ಇಳಿತೈತಿ" ಎಂದು ನಿಟ್ಟುಸಿರು ಬಿಟ್ಟರು. ಮಾನ್ಯರೇ, ಅದು ಕಸವಲ್ಲ. ಆ ಐದು ಪಾಲಿನಿಂದಲೇ ಉಳಿದ ತೊಂಬತ್ತೈದರ ಮರ್ಯಾದೆ ಉಳಿದದ್ದು. ಶುದ್ಧ ಪ್ಲಾಟಿನಂ ಒಂಟಿಯಾಗಿ ಕೆಲಸಕ್ಕೆ ಬರುವುದಿಲ್ಲ.

ನಾನೂ ಬರುತ್ತಿಲ್ಲ. ಮನೆಯ ಎಲ್ಲ ಕುರ್ಚಿಗಳ ಮೇಲೂ ಅರಿವೆಗಳು ಕೂತಿವೆ, ನಾನು ನಿಂತು ಉಣ್ಣುತ್ತಿದ್ದೇನೆ. ಅರಿವೆ ಒಗೆದುಕೊಳ್ಳಲು ನನಗೆ ಬರುತ್ತದೆ, ಅದು ಪ್ರಶ್ನೆಯಲ್ಲ. ಪ್ರಯೋಗ ಗೆದ್ದ ಸುದ್ದಿಯನ್ನು ಹೇಳಲು ಮನೆಯಲ್ಲಿ ಯಾರೂ ಇಲ್ಲ. ಮನೆ ಭಣಭಣ ಅನ್ನುತ್ತದೆ. ಇದು ಅಳು ಎಂದು ಕಂಡುಬಂದಲ್ಲಿ ಈ ಪ್ಯಾರಾವನ್ನು ಮಾತ್ರ ತೆಗೆದುಹಾಕಿ, ಉಳಿದ ಅರ್ಜಿಯನ್ನು ಊರ್ಜಿತದಲ್ಲಿಡಬೇಕು.

6. ನಿನ್ನೆ ಕೊನೆಗೂ ಫೋನು ಎತ್ತಿದ ವಾಣಿಶ್ರೀ ಹೇಳಿದ್ದು: "ಉಂಗರ ಏನರ ಕುಡೀಲಿ, ನನಗೇನಾಗಬೇಕ್ರಿ? ನನ್ನ ಒಂದ ಮಾತ ಕೇಳಲಾರ್ದ ತಗದ್ರಲ್ಲ, ಅದು ಮನಸಿಗೆ ಹತ್ತೈತಿ." ತಮ್ಮ ಎಲ್ಲ ಆಕ್ಷೇಪಣೆಗಳಿಗೂ ನನ್ನ ಬಳಿ ಉತ್ತರವಿದೆ. ಇದೊಂದಕ್ಕೆ ಇಲ್ಲ. ಕೇಳಬೇಕಾಗಿತ್ತು. ಕೇಳಲಿಲ್ಲ.

ಆದ್ದರಿಂದ, ಮೇಲೆ ಕಾಣಿಸಿದ ಎಲ್ಲ ಕಾರಣಗಳಿಂದ, ಈ ಕೆಳಗಿನಂತೆ ವಿನಂತಿ:

ಅ) ಉಂಗುರವನ್ನು ಇದರೊಂದಿಗೆ ಲಗತ್ತಿಸಿದೆ. ಅದು ನನ್ನ ಬೆರಳಿಗೆ ವಾಪಸು ಬರಬೇಕೋ, ಪ್ರಯೋಗ ಮುಗಿಯುವವರೆಗೆ ಲ್ಯಾಬಿಗೆ ನಿಯೋಜನೆಯ ಮೇಲೆ ಹೋಗಬೇಕೋ ಎಂಬುದನ್ನು ವಾಣಿಶ್ರೀಯೇ ತೀರ್ಮಾನಿಸಲಿ. ಈ ಸಲ ಕೇಳುತ್ತಿದ್ದೇನೆ.

ಆ) ಒಂದೇ ಉಂಗುರದ ಫಲಿತಾಂಶವನ್ನು ವಿಜ್ಞಾನಿಗಳು ಒಪ್ಪುವುದಿಲ್ಲ. ಅದೇ ಅಕ್ಕಸಾಲಿಗರು, ಅದೇ ದಿನ ಮಾಡಿದ ಇನ್ನೊಂದು ಉಂಗುರದ ಮೇಲೂ ಪ್ರಯೋಗ ನಡೆಯಬೇಕು. ಅಂಥದ್ದು ಜಗತ್ತಿನಲ್ಲಿ ಒಂದೇ ಇದೆ. ಅದು ವಾಣಿಶ್ರೀಯ ಬೆರಳಿನಲ್ಲಿದೆ. ಸಾಬೂನು ಹಚ್ಚಿ ಎಳೆದರೂ ಅದು ಬರುವುದಿಲ್ಲವೆಂಬುದು ತಮಗೂ ಗೊತ್ತು. ಕಾರಣ, ಸದರಿ ಉಂಗುರವನ್ನು ಬೆರಳಿನ ಸಮೇತ, ಬೆರಳನ್ನು ಕೈಯ ಸಮೇತ, ಕೈಯನ್ನು ಒಡತಿಯ ಸಮೇತ ಸತ್ತೂರಿಗೆ ಕಳಿಸಿಕೊಡಬೇಕು.

ಬೆರಳನ್ನು ಆಸಿಡ್ಡಿನಲ್ಲಿ ಅದ್ದಲು ಬರುವುದಿಲ್ಲ, ಹಾಗಿದ್ದ ಮೇಲೆ ಪ್ರಯೋಗ ಹೇಗೆ ಎಂದು ತಾವು ಆಕ್ಷೇಪಣೆ ಎತ್ತಬಹುದು. ಪ್ರಯೋಗ ಆಗುವುದಿಲ್ಲ. ಆದರೂ ಕಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ (ವಿಶ್ವಾಸವು ಪರಿಶೀಲನೆಯಲ್ಲಿದೆ),
ಶಿವಯೋಗೀಶ

ಲಗತ್ತುಗಳು:
1. ಪ್ಲಾಟಿನಂ ಉಂಗುರ, ಒಂದು. ಚೆನ್ನಾಗಿ ತೊಳೆದಿದೆ, ಮೂಸಿ ನೋಡಲು ಅಡ್ಡಿಯಿಲ್ಲ.
2. ಉಂಗುರ ಕುಡಿದ ನಕ್ಷೆ. ಗೆರೆಯ ಓಲಾಟ ಉಂಗುರದ್ದು, ನನ್ನ ಕೈಯದ್ದಲ್ಲ.

ಪ್ರತಿ:
1. ಶ್ರೀ ನೀಲಕಂಠಪ್ಪ ಅಂಗಡಿ, ಮಾವನವರು. ಮಾಹಿತಿಗಾಗಿ.
2. ವಾಣಿಶ್ರೀ. ಮಾಹಿತಿ ಅವಳಿಗೆ ಮೊದಲೇ ಇದೆ. ಮುಂದಿನ ಅಗತ್ಯ ಕ್ರಮಕ್ಕಾಗಿ.