ಮಾರ್ಗನ್ ಹಿಲ್‌ನಲ್ಲಿ ಮುಗಿಯದ ಮಹಾಯುದ್ಧ

ಎರಡನೇ ಮಹಾಯುದ್ಧ ಮುಗಿದು ಎಷ್ಟೋ ಕಾಲವಾಯಿತು ಎಂದು ನೀವು ನಂಬಿಕೊಂಡಿದ್ದರೆ ಅದು ನಿಮ್ಮ ಭ್ರಮೆ. ನಮ್ಮ ಮನೆಯಲ್ಲಿ ಅದು ಇನ್ನೂ ನಡೆಯುತ್ತಿದೆ. ಅಮೆರಿಕದ ಮಾರ್ಗನ್ ಹಿಲ್‌ನಲ್ಲಿ, ನಮ್ಮ ಊಟದ ಮೇಜಿನ ಮೇಲೆ, ಬೆಳಿಗ್ಗೆ ತಿಂಡಿಗೊಮ್ಮೆ, ರಾತ್ರಿ ಊಟಕ್ಕೊಮ್ಮೆ, ಯಾರಾದರೂ ನೆಂಟರು ಸಿಕ್ಕಿಬಿದ್ದರೆ ಸಂಜೆ ಕಾಫಿಗೆ ಮತ್ತೊಮ್ಮೆ! ನಡೆಸುತ್ತಿರುವವರು ನಮ್ಮತ್ತೆ.

ಅತ್ತೆ ಮಂಡ್ಯ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದವರು. ಮಾವನವರು ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದಾರೆ. ಈ ವಯಸ್ಸಿನವರಿಗೆ ಧಾರಾವಾಹಿ, ಸಹಸ್ರನಾಮ, ಸೊಸೆಯ ತಪ್ಪು ಹುಡುಕುವುದು, ಹೀಗೆ ಏನಾದರೊಂದು ಹವ್ಯಾಸ ಇರುತ್ತದಲ್ಲ? ನಮ್ಮತ್ತೆಗೆ ಇವು ಯಾವುದರಲ್ಲೂ ಆಸಕ್ತಿ ಇಲ್ಲ. ಸೊಸೆಯಾದ ನಾನು ಇದನ್ನು ನನ್ನ ಪುಣ್ಯವೆಂದೇ ತಿಳಿದಿದ್ದೆ, ಸ್ಟಾಲಿನ್‌ಗ್ರಾಡ್ ಕದನ ನೋಡುವವರೆಗೆ.

ಅದು ನಡೆದದ್ದು ಒಂದು ಭಾನುವಾರದ ತಿಂಡಿಯಲ್ಲಿ. ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ನನ್ನ ಗಂಡನ ಜೊತೆ ಕೆಲಸ ಮಾಡುವ ಹಾಸನದ ಹುಡುಗನೊಬ್ಬನನ್ನು ಕರೆದಿದ್ದೆವು. ಪಾಪ, ಮದುವೆಯಾಗದ ಹುಡುಗ, ಮನೆಯ ಇಡ್ಲಿ ಕಂಡು ತಿಂಗಳುಗಳೇ ಆಗಿದ್ದವಂತೆ. ಅವನು ಕೈ ತೊಳೆದು ಬರುವಷ್ಟರಲ್ಲಿ ಅತ್ತೆ ಅವನ ತಟ್ಟೆಯ ನಡುವೆ ಒಂದು ಉದ್ದಿನ ವಡೆ ಇಟ್ಟು, ಸುತ್ತ ಇಡ್ಲಿ ಜೋಡಿಸಿ, ಅಂಚಿಗೆ ಚಟ್ನಿಯ ಗೆರೆ ಎಳೆದಿದ್ದರು.

"ನೋಡಪ್ಪ, ಈ ವಡೆ ಜರ್ಮನ್ನರ ಆರನೇ ಸೈನ್ಯ. ಊರೊಳಗೆ ನುಗ್ಗಿಬಿಟ್ಟಿದೆ. ಈ ಇಡ್ಲಿಗಳು ರಷ್ಯನ್ನರು. ಎರಡು ಕಡೆಯಿಂದ ಬಂದು ಹೀಗೆ ಸುತ್ತುವರಿದರು. ಇಲ್ಲಿ ಹರೀತಾ ಇರೋದು ವೋಲ್ಗಾ ನದಿ."

"ಆಂಟಿ, ಸ್ವಲ್ಪ ಸಾಂಬಾರು..."

"ತಾಳು, ಇನ್ನೂ ಹಿಮ ಬಿದ್ದಿಲ್ಲ."

ಹುಡುಗ ತಾಳಿದ. ಹಿಮ ಬಿತ್ತು, ಅಂದರೆ ಅತ್ತೆ ಕಾಯಿತುರಿ ಉದುರಿಸಿದರು. ಜರ್ಮನ್ನರಿಗೆ ಅನ್ನವಿಲ್ಲ, ಮದ್ದುಗುಂಡಿಲ್ಲ. ಹಸಿವಿನ ವರ್ಣನೆ ಎಷ್ಟು ಚೆನ್ನಾಗಿತ್ತೆಂದರೆ ಹುಡುಗನಿಗೆ ತಡೆಯಲಾಗಲಿಲ್ಲ, ವಡೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡ.

"ಶರಣಾಗೋಕೂ ಟೈಮ್ ಕೊಡಲಿಲ್ಲವಲ್ಲೋ!"

ಆಮೇಲೆ ಆ ಹುಡುಗ ನಮ್ಮ ಮನೆಗೆ ಬರುವಾಗಲೆಲ್ಲ ತಿಂಡಿ ತಿಂದುಕೊಂಡೇ ಬರುತ್ತಾನೆ.

ಇನ್ನು ನನ್ನ ತಮ್ಮನ ಕಥೆ. ಬೆಂಗಳೂರಿನಿಂದ ಬಂದಿದ್ದ, ಜುಲೈ ತಿಂಗಳು. ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟೆವು. ಮಾರ್ಗನ್ ಹಿಲ್‌ನಲ್ಲಿ ಬೆಂಕಿಯಂಥ ಬಿಸಿಲು. ತಮ್ಮ ಚಡ್ಡಿ, ತೆಳು ಟೀ ಶರ್ಟು ಹಾಕಿಕೊಂಡು, ಕಪ್ಪು ಕನ್ನಡಕ ಏರಿಸಿ ಸಿನಿಮಾ ಹೀರೋ ಹಾಗೆ ಬಂದು ಕಾರಿನಲ್ಲಿ ಕೂತ. ಅತ್ತೆ ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಇನ್ನೊಂದು ಸ್ವೆಟರು, ತಲೆಗೆ ಮಂಕಿ ಕ್ಯಾಪು, ಕಾಲಿಗೆ ಬೂಟು.

"ಅತ್ತೆ, ಇದೇನು, ಹಿಮಾಲಯಕ್ಕೆ ಹೊರಟ ಹಾಗೆ!" ಎಂದು ತಮ್ಮ ನಕ್ಕ.

"ಜರ್ಮನ್ನರೂ ಹೀಗೇ ನಕ್ಕಿದ್ರು. ಚಳಿಗಾಲಕ್ಕೆ ಮುಂಚೆ ಮಾಸ್ಕೋ ಹಿಡೀತೀವಿ, ಉಣ್ಣೆ ಬಟ್ಟೆ ಯಾಕೆ ಅಂತ."

ಗೋಲ್ಡನ್ ಗೇಟ್ ಸೇತುವೆಯ ಮೇಲೆ ಮಂಜು ಕವಿದು, ಗಾಳಿ ಬೀಸಿ, ತಮ್ಮನ ಹಲ್ಲುಗಳು ಕಟಕಟ ಎನ್ನತೊಡಗಿದವು. ಅವನ ಫೋಟೋಗಳಲ್ಲಿ ಸೇತುವೆ ಮಾತ್ರ ಸ್ಪಷ್ಟವಾಗಿದೆ, ಅವನು ನಡುಗಿ ಮಸುಕಾಗಿದ್ದಾನೆ. ಅತ್ತೆ ಮೇಲಿನ ಸ್ವೆಟರನ್ನು ಬಿಚ್ಚಿ ಅವನ ಕೈಗೆ ಕೊಟ್ಟರು, ಅಷ್ಟೆ. ಗೆದ್ದವರು ಹೆಚ್ಚು ಮಾತಾಡುವುದಿಲ್ಲ ನೋಡಿ.

ಆದರೆ ನನ್ನನ್ನು ಸೋಲಿಸಿದಷ್ಟು ಚೆನ್ನಾಗಿ ಅವರು ಇನ್ನಾರನ್ನೂ ಸೋಲಿಸಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ. ಡಾಕ್ಟರು ಸಿಹಿಯನ್ನು ಪೂರ್ತಿ ನಿಲ್ಲಿಸಿದ್ದಾರೆ. ತಮ್ಮ ತಂದಿದ್ದ ಮೈಸೂರು ಪಾಕನ್ನು ನಾನು ಗ್ಯಾರೇಜಿನ ಫ್ರಿಜ್ಜಿನಲ್ಲಿ ಬಚ್ಚಿಟ್ಟಿದ್ದೆ. ಅಂದಿನಿಂದ ಅತ್ತೆ ಅಡುಗೆಮನೆಯ ಮೇಲಿನ ಕಪಾಟಿನ ಸುತ್ತ ಸುಳಿಯತೊಡಗಿದರು. ಸ್ಟೂಲು ಎಳೆಯುವುದು, ನನ್ನನ್ನು ಕಂಡು ಬೆಚ್ಚಿದಂತೆ ಮಾಡುವುದು, "ಏನಿಲ್ಲ, ಏಲಕ್ಕಿ ನೋಡ್ತಿದ್ದೆ" ಎನ್ನುವುದು. ನಾನು ಒಳಗೊಳಗೇ ನಗುತ್ತಾ, ಕೆಲಸ ಬಿಟ್ಟು ಆ ಕಪಾಟನ್ನೇ ಕಾದೆ. ವಾರ ಕಳೆದು ಗ್ಯಾರೇಜಿನ ಫ್ರಿಜ್ಜು ತೆಗೆದರೆ ಡಬ್ಬಿಯಲ್ಲಿ ಪುಡಿ ಮಾತ್ರ ಇತ್ತು!

"ಅತ್ತೆ!"

"ನೀನು ಕಲೈ ಬಂದರು ಕಾಯ್ತಾ ಕೂತೆ, ನಾನು ನಾರ್ಮಂಡಿಯಲ್ಲಿ ಇಳಿದೆ" ಎಂದರು, ತುಟಿ ಒರೆಸಿಕೊಳ್ಳುತ್ತಾ. ಫ್ರಾನ್ಸಿಗೆ ನುಗ್ಗುವ ಮುಂಚೆ ಇಂಗ್ಲಿಷರು, ಅಮೆರಿಕನ್ನರು ಜರ್ಮನ್ನರಿಗೆ ಇದೇ ಮೋಸ ಮಾಡಿದ್ದರಂತೆ. ನಾನು ಶಾಲೆಯಲ್ಲಿ ಚರಿತ್ರೆಯನ್ನು ಗಮನವಿಟ್ಟು ಕೇಳಿದ್ದರೆ ಆ ಮೈಸೂರು ಪಾಕು ಉಳಿಯುತ್ತಿತ್ತು.

ಇಷ್ಟೆಲ್ಲ ಯುದ್ಧ ನೋಡಿದ ಮೇಲೆ ಒಂದು ವಿಷಯ ನನ್ನ ಗಮನಕ್ಕೆ ಬಂತು. ಅತ್ತೆ ಯುದ್ಧವನ್ನು ಎಂದೂ ಮುಗಿಸುವುದಿಲ್ಲ. ನಾರ್ಮಂಡಿಯಲ್ಲಿ ಇಳಿಯುತ್ತಾರೆ, ಪ್ಯಾರಿಸ್ ಬಿಡಿಸುತ್ತಾರೆ, ರೈನ್ ನದಿ ದಾಟುತ್ತಾರೆ, ಬರ್ಲಿನ್ ಇನ್ನೇನು ಕಾಣಿಸಿತು ಎನ್ನುವಾಗ "ಅಯ್ಯೋ, ಆಫ್ರಿಕಾ ಮರೆತೆ" ಎಂದು ಎಲ್ಲರನ್ನೂ ಮರಳುಗಾಡಿಗೆ ವಾಪಸು ಎಳೆದುಕೊಂಡು ಹೋಗುತ್ತಾರೆ. ನನ್ನ ಗಂಡ ಇದಕ್ಕೆ ಒಗ್ಗಿಹೋಗಿದ್ದಾನೆ. "ಅಮ್ಮನಿಗೆ ಯಾವ ವರ್ಷವೂ ಪೋರ್ಷನ್ ಮುಗೀತಿರಲಿಲ್ಲ. ಅಷ್ಟರಲ್ಲಿ ಪರೀಕ್ಷೆ ಬಂದುಬಿಡ್ತಿತ್ತು" ಎನ್ನುತ್ತಾನೆ. ಲಾಸ್ ಆಲ್ಟೋಸ್‌ನಲ್ಲಿ ದೊಡ್ಡ ಮನೆ ಮಾಡಿಕೊಂಡಿರುವ ಅತ್ತೆಯ ಹಳೆಯ ಶಿಷ್ಯರೊಬ್ಬರು ಬಂದು, ಕಾಲಿಗೆ ನಮಸ್ಕಾರ ಮಾಡಿ ಎದ್ದವರೇ ಕೇಳಿದ್ದೂ ಇದನ್ನೇ: "ಮೇಡಂ, ಕೊನೆಗೆ ಗೆದ್ದಿದ್ದು ಯಾರು?"

"ಮೊದಲು ಕಾಫಿ ಕುಡಿಯೋ" ಎಂದರು ಅತ್ತೆ.

ಹೀಗಿರುವಾಗ ನಮ್ಮ ಮಗಳ ಸ್ಕೂಲಿನಲ್ಲಿ ಅದೇ ಪಾಠ ಬಂತು. ಸೋಮವಾರ ಟೆಸ್ಟು. ಮನೆಯಲ್ಲೇ ಇಂಥ ಸೇನಾಪತಿ ಇರುವಾಗ ಟ್ಯೂಷನ್ ಯಾಕೆ? ಭಾನುವಾರ ಮಧ್ಯಾಹ್ನ ಇಬ್ಬರನ್ನೂ ಮೇಜಿಗೆ ಕೂರಿಸಿದೆ. ಅತ್ತೆ ಹಿತಕವರೆ ಸಾರಿಗೆಂದು ನೆನೆಹಾಕಿದ್ದ ಫ್ರೋಜನ್ ಅವರೆಕಾಳನ್ನು ಹಿಸುಕುತ್ತಾ ಪಾಠ ಶುರು ಮಾಡಿದರು. ಕಾಳು ಒಂದು ಕಡೆಯವರು, ಸಿಪ್ಪೆ ಬಿಡಿಸಿದ ಬೇಳೆ ಇನ್ನೊಂದು ಕಡೆಯವರು. ಯುರೋಪು, ಪೆಸಿಫಿಕ್ಕು ಎಲ್ಲ ಆಯಿತು. ಮೇಜಿನ ಮೂಲೆಯೊಂದರಲ್ಲಿ ಅತ್ತೆ ಒಂದಷ್ಟು ಕಾಳುಗಳನ್ನು ಗುಡ್ಡೆ ಮಾಡಿದರು. "ಇದು ಇಂಫಾಲ. ಬರ್ಮಾ ಗಡಿ. ಜಪಾನಿನವರು ಇಲ್ಲೀತನಕ ಬಂದಿದ್ರು. ಎದುರು ನಿಂತವರಲ್ಲಿ ನಮ್ಮ ಹುಡುಗರೂ ಇದ್ರು." ಈ ಮೂಲೆಗೆ ಅವರು ಹಿಂದೆ ಯಾವತ್ತೂ ಬಂದಿರಲಿಲ್ಲ. ಬಂದವರು ಅಲ್ಲೇ ನಿಂತುಬಿಟ್ಟರು.

"ಅಜ್ಜಿ, ಜಸ್ಟ್ ಟೆಲ್ ಮಿ ಹೌ ಇಟ್ ಎಂಡೆಡ್" ಎಂದಳು ಮಗಳು.

"ಅಯ್ಯೋ, ಆಫ್ರಿಕಾ..."

"ನೋ ಆಫ್ರಿಕಾ, ಅಜ್ಜಿ! ದ ಎಂಡ್!"

ಅತ್ತೆಯ ಕೈ ನಿಂತಿತು. ನಾನೂ ಸ್ವಲ್ಪ ತಮಾಷೆಗೇ, "ಮುಗಿಸಿಬಿಡಿ ಅತ್ತೆ, ಎಷ್ಟು ದಿನ ಆ ಸೈನಿಕರನ್ನ ದುಡಿಸ್ತೀರಿ?" ಎಂದೆ.

"ಮುಗಿಸಬಾರದು ಅಂತ ಹೇಳಿಕೊಟ್ಟಿದ್ರು ಕಣೇ" ಎಂದರು.

ಅವರ ದೊಡ್ಡಪ್ಪ, ಅಂದರೆ ತಂದೆಯ ಅಣ್ಣ, ಮಿಲಿಟರಿ ಸೇರಿ ಬರ್ಮಾ ಕಡೆಗೆ ಹೋದವರು. ಹೊರಡುವಾಗ ತಾಯಿಗೆ, "ಯುದ್ಧ ಮುಗೀತಿದ್ದಂಗೆ ಬತ್ತೀನಿ ಕಣವ್ವ" ಎಂದಿದ್ದರಂತೆ. ಯುದ್ಧ ಮುಗಿಯಿತು. ಅವರು ಬರಲಿಲ್ಲ. ಮುಗಿಯಿತೆಂದು ಆ ತಾಯಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ. ನಮ್ಮತ್ತೆ ಹುಟ್ಟಿದ್ದು ಅದೆಲ್ಲ ಆದ ಮೇಲೆ. ಅಕ್ಷರ ಕಲಿತ ಕೂಡಲೇ ಮನೆಯವರು ಅವರಿಗೊಂದು ಕೆಲಸ ಹೇಳಿಕೊಟ್ಟರು: ಓದುಬರಹ ಬಾರದ, ಕಣ್ಣೂ ಮಂಜಾಗಿದ್ದ ಆ ಅಜ್ಜಿಯ ಪಕ್ಕ ಕೂತು ದಿನಾ ಪೇಪರಿನಲ್ಲಿ ಯುದ್ಧದ ಸುದ್ದಿ ಓದುವುದು! ಪೇಪರಿನಲ್ಲಿ ಅಣೆಕಟ್ಟೆ, ಎಲೆಕ್ಷನ್ನು. ಹುಡುಗಿ ಓದುವುದು ಸ್ಟಾಲಿನ್‌ಗ್ರಾಡು. ಅಜ್ಜಿ ಮರುಪ್ರಶ್ನೆ ಹಾಕುವವರು, ಬಾಯಿಗೆ ಬಂದದ್ದು ಹೇಳಿದರೆ ನಡೆಯುತ್ತಿರಲಿಲ್ಲ. ಅದಕ್ಕೇ ಸ್ಕೂಲಿನ ಲೈಬ್ರರಿಯ ಚರಿತ್ರೆ ಪುಸ್ತಕಗಳನ್ನೆಲ್ಲ ಓದಿಕೊಂಡದ್ದು. ಬರ್ಲಿನ್ ಹತ್ತಿರವಾದಾಗಲೆಲ್ಲ ಗಾಬರಿಯಾಗಿ ಆಫ್ರಿಕಾಕ್ಕೆ ಓಡಿದ್ದು.

"ದಿನಾ ಕೇಳೋರು, 'ಯುದ್ದ ಮುಗೀತಾ ಕೂಸೆ?' ಅಂತ. 'ಇನ್ನೂ ಇಲ್ಲ ಕಣಜ್ಜಿ.' ಕೊನೇ ಸಲ ಮಲಗಿದಾಗ ನನ್ನ ಕೈ ಹಿಡ್ಕೊಂಡು, 'ಮುಗೀತು ಅಂದ್ಬುಡು ಕೂಸೆ, ನಂಗೆಲ್ಲ ಗೊತ್ತು, ನಾನೂ ಹೋಗ್ಬೇಕು' ಅಂದ್ರು." ಅತ್ತೆ ಬೆರಳಿಗೆ ಅಂಟಿದ ಸಿಪ್ಪೆ ತೆಗೆಯುತ್ತಾ ಹೇಳಿದರು, "ನನ್ನ ಬಾಯಲ್ಲಿ ಬರಲಿಲ್ಲ ಕಣೇ. ಇನ್ನೂ ಇಲ್ಲ ಅಂತಲೇ ಅಂದೆ. ಆಮೇಲೆ ಕ್ಲಾಸಲ್ಲೂ ಬರಲಿಲ್ಲ."

ಯುದ್ಧದುದ್ದಕ್ಕೂ ದೂರ ನಿಂತು ತಮಾಷೆ ನೋಡಿದವಳು ನಾನು. ಕುರ್ಚಿ ಎಳೆದುಕೊಂಡು ಅತ್ತೆಯ ಪಕ್ಕ ಕೂತೆ.

ಮಾತಾಡಿದವಳು ಮಗಳು. ಅಜ್ಜಿ ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. ಕುರ್ಚಿಯಿಂದ ಇಳಿದು ಅಜ್ಜಿಯ ಒದ್ದೆ ಕೈ ಹಿಡಿದುಕೊಂಡು, ಒಂದೊಂದೇ ಪದವನ್ನು ಹುಡುಕಿ ಹೇಳಿದಳು. "ಅಜ್ಜಿ. ಯುದ್ಧ ಮುಗೀತು."

ಅತ್ತೆ ಅವಳ ಮುಖವನ್ನೇ ನೋಡುತ್ತಾ ಕೂತರು.

"ಹೂಂ ಕೂಸೆ" ಎಂದರು. "ಮುಗೀತು."

ಸೆರಗಿನಿಂದ ಕಣ್ಣೊರೆಸಿಕೊಂಡರು. ಮೂಲೆಯಲ್ಲಿದ್ದ ಇಂಫಾಲದ ಕಾಳುಗಳನ್ನು ಹತ್ತಿರಕ್ಕೆ ಎಳೆದು, ಒಂದೊಂದಾಗಿ ಹಿಸುಕಿ, ಎಲ್ಲ ಬೇಳೆಯನ್ನೂ ಒಂದೇ ಬಟ್ಟಲಿಗೆ ಹಾಕಿ ನನ್ನ ಕಡೆ ಸರಿಸಿದರು.

"ತಗೋ, ಸಾರಿಗೆ ಹಾಕು. ಹುಡುಗರು ಹಸಿದಿರ್ತಾರೆ."