ಹೆಡ್ಲಿ ಕ್ರಂಪ್ ಗೆದ್ದ ರೇಸು

ಟೋಪಿಗಳನ್ನು ಒಗೆಸಿಕೊಂಡು ಬರುತ್ತೇನೆಂದು ಹೆಡ್ಲಿ ಕ್ರಂಪ್ ತಾನಾಗಿಯೇ ಬಾಯಿ ಹಾಕಿದ್ದೇ ತಪ್ಪಾಯಿತು. ಪಾಪ, ಮ್ಯಾನೇಜರ್ ಮೇಜರ್ ಪಿಲಿಂಗ್ ಕಣ್ಣಿಗೆ ಒಳ್ಳೆಯವನಾಗಬೇಕಿತ್ತು. ಬ್ರಾಕ್ಲಿ ಊರಿನ ಸ್ಪೀಡ್‌ವೇ ತಂಡದಲ್ಲಿ ಅವನೊಬ್ಬ ಸವಾರ. ಅರ್ಧ ಸೀಸನ್ ಮುಗಿದರೂ ಮೋಟಾರ್‌ಸೈಕಲ್ ಮೇಲೆ ಒಂದು ರೇಸೂ ಗೆದ್ದಿರಲಿಲ್ಲ. ಈ ಶನಿವಾರ ಗೆಲ್ಲದಿದ್ದರೆ ತಂಡದಿಂದ ಹೊರಗೆ ಎಂದು ಮೇಜರ್ ಹೇಳಿಯಾಗಿತ್ತು. ಹೊರಗೆ ಬಿದ್ದರೆ ಯುದ್ಧಕ್ಕೆ ಮುಂಚಿನಂತೆ ಚಿಕ್ಕಪ್ಪನ ಹಾಲಿನ ಗಾಡಿ, ಅದೇ ಮುದಿ ಕುದುರೆ. ಸೈನ್ಯದಲ್ಲಿ ಆರು ವರ್ಷ ಮೋಟಾರ್‌ಸೈಕಲ್ಲಿನಲ್ಲಿ ಟಪಾಲು ಒಯ್ದವನಿಗೆ ಅದು ಬೇಡವೇ ಬೇಡವಾಗಿತ್ತು.

ಟೋಪಿ ಎಂದರೆ ಹೆಲ್ಮೆಟ್ಟಿನ ಮೇಲೆ ಎಳೆದುಕೊಳ್ಳುವ ಬಟ್ಟೆ. ಒಂದು ರೇಸಿಗೆ ನಾಲ್ವರು. ಊರಿನವರಿಗೆ ಕೆಂಪು, ನೀಲಿ, ಎದುರಾಳಿ ತಂಡದವರಿಗೆ ಬಿಳಿ, ಹಳದಿ. ಸುಟ್ಟ ಕಲ್ಲಿದ್ದಲಿನ ಕಿಟ್ಟ ಹರಡಿದ ಆ ಟ್ರ್ಯಾಕಿನಲ್ಲಿ ಒಂದು ಸುತ್ತು ಹಾಕುವಷ್ಟರಲ್ಲಿ ಹೆತ್ತ ತಾಯಿಗೂ ಗುರುತು ಸಿಗದಂತೆ ಎಲ್ಲರೂ ಕರ್ರಗಾಗುತ್ತಿದ್ದರು. ಉಳಿಯುವ ಗುರುತು ಆ ಬಣ್ಣವೊಂದೇ. ಆದರೆ ಸೋಪು ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ ಅದು. ಹೆಡ್ಲಿ ಬಾಡಿಗೆಗಿದ್ದ ಮನೆಯ ಒಡತಿ ಮಿಸೆಸ್ ಓಟ್ಸ್ ಉಳಿತಾಯಕ್ಕೆಂದು ಕೆಂಪನ್ನೂ ಬಿಳಿಯನ್ನೂ ಒಂದೇ ತೊಟ್ಟಿಗೆ ಹಾಕಿ ಕುದಿಸಿಬಿಟ್ಟಳು. ಬಿಳಿಯದು ಗುಲಾಬಿಯಾಗಿ ಮೇಲೆ ಬಂತು.

"ಮುದ್ದಾಗೇ ಇದೆಯಲ್ಲಪ್ಪ. ಹಾಕ್ಕೊಳ್ಳೋನು ಆ ಕಡೆಯವನು ತಾನೆ, ನಿನಗೇನಂತೆ?" ಎಂದಳು.

ಹೆಡ್ಲಿಗೂ ಅದು ಸರಿಯೆನಿಸಿತು. ಶನಿವಾರ ಸಂಜೆ ಐದಕ್ಕೆ ಅವನು ಕೆಂಪು ಟೋಪಿಯಲ್ಲಿ, ಎದುರಾಳಿ ಡೆನ್ಜಿಲ್ ಮುಖ ಸಿಂಡರಿಸಿಕೊಂಡು ಗುಲಾಬಿಯಲ್ಲಿ ನಿಂತರು. ಅಡ್ಡ ಕಟ್ಟಿದ ಪಟ್ಟಿ ಮೇಲೆದ್ದು ರೇಸು ಶುರುವಾಯಿತು. ಏನಾಯಿತೋ, ಹೆಡ್ಲಿ ಎಲ್ಲರಿಗಿಂತ ಮುಂದಿದ್ದ! ಮೊದಲ ತಿರುವಿನಲ್ಲಿ ಡೆನ್ಜಿಲ್ ಊರಿನ ತಂಡದ ನೀಲಿ ಟೋಪಿಯವನಿಗೆ ಗುದ್ದಿ ಬೀಳಿಸಿದ್ದು ಹೆಡ್ಲಿಗೆ ಗೊತ್ತೇ ಇಲ್ಲ. ತಪ್ಪು ಮಾಡಿದವನ ಬಣ್ಣದ ದೀಪ ಹಾಕಿ ಹೊರಗಟ್ಟುವುದು ಅಂಪೈರನ ಕೆಲಸ. ಮೇಲಿನ ಗೂಡಿನಿಂದ ಆತನಿಗೆ ಗುಲಾಬಿ ಕೆಂಪಾಗಿ ಕಂಡಿತು. ಕೆಂಪು ದೀಪ ಹತ್ತಿತು.

ತಾನೇನು ಮಾಡಿದೆನೆಂದು ತಿಳಿಯದೆ ಹೆಡ್ಲಿ ನಿಂತ. ತಾನು ಮಾಡಿದ್ದು ಚೆನ್ನಾಗಿ ತಿಳಿದಿದ್ದ ಡೆನ್ಜಿಲ್, ದೀಪ ತನಗೇ ಎಂದುಕೊಂಡು ಅವನೂ ನಿಂತ. ಹಳದಿ ಟೋಪಿಯವನು ಯಾರು ಯಾಕೆ ನಿಂತರೆಂದು ಹಿಂದೆ ತಿರುಗಿ ನೋಡುತ್ತಾ ಹೋಗಿ ಬೇಲಿಗೆ ಡಿಕ್ಕಿ ಹೊಡೆದ. ರೇಸಿನಲ್ಲಿ ಓಡುವವರು ಯಾರೂ ಉಳಿಯಲಿಲ್ಲ.

ಅಂಪೈರ್ ಕೆಳಗಿಳಿದು ಬಂದ. ಎರಡು ಟೋಪಿಗಳನ್ನೂ ಮೂಗಿನ ಹತ್ತಿರ ಹಿಡಿದು ನೋಡಿದ. ಮಿಸೆಸ್ ಓಟ್ಸ್ ಬೇಲಿ ದಾಟಿ ಬಂದು, ತನ್ನ ಒಗೆತದಲ್ಲಿ ಹುಳುಕು ಹುಡುಕುವುದಕ್ಕೆ ನೀನ್ಯಾರು ಎಂದು ಜಗಳಕ್ಕೇ ನಿಂತಳು. ಕೊನೆಗೆ ತೀರ್ಪಾಯಿತು: ಡೆನ್ಜಿಲ್ ಹೊರಗೆ, ರೇಸು ಮತ್ತೆ ಮೊದಲಿಂದ. ನೀಲಿಯವನ ಕಾಲು ಊದಿತ್ತು, ಹಳದಿಯವನ ಗಾಡಿಯ ಮುಂಚಕ್ರ ಸೊಟ್ಟಗಾಗಿತ್ತು. ಉಳಿದವನು ಹೆಡ್ಲಿಯೊಬ್ಬನೇ. ನಾಲ್ಕು ಸುತ್ತು ಮುಗಿಸಿದರೆ ಸಾಕು, ಗೆದ್ದಂತೆಯೇ.

ಅಷ್ಟು ಸುಲಭವಾದದ್ದು ತನಗೆ ದಕ್ಕೀತೇ ಎಂದುಕೊಳ್ಳುತ್ತಲೇ ಅವನು ಹೊರಟ. ಮೂರು ಸುತ್ತು ಬೆಣ್ಣೆಯಂತೆ ಸಾಗಿತು. ನಾಲ್ಕನೆಯದರ ಶುರುವಿನಲ್ಲೇ ಚೈನು ಪಟ್ಟೆಂದು ತುಂಡಾಯಿತು. ತಳ್ಳಿಕೊಂಡು ಗೆರೆ ದಾಟಿದರೂ ನಿಯಮದಲ್ಲಿ ನಡೆಯುತ್ತದೆ. ಹೆಡ್ಲಿ ಇಳಿದು ತಳ್ಳಿದ. ತಿರುವಿನಲ್ಲಿ ನೆಲಕ್ಕೆ ಊರಲೆಂದು ಎಡಗಾಲಿಗೆ ಹಾಕಿದ್ದ ಕಬ್ಬಿಣದ ಬೂಟು ಟಣ್ ಟಣ್ ಎನ್ನುತ್ತಿತ್ತು. ಎರಡು ಸಲ ಬಿದ್ದ, ಒಂದು ಸಲ ಗಾಡಿಯೇ ಅವನ ಮೇಲೆ ಬಿತ್ತು. ಹತ್ತು ಸಾವಿರ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನು ಅಳುತ್ತಲೇ ಗೆರೆ ದಾಟಿದ.

ಮೇಜರ್ ಓಡಿ ಬಂದು ತಬ್ಬಿಕೊಂಡರು. ಜನ ಇಷ್ಟು ನಕ್ಕಿದ್ದನ್ನು ಯುದ್ಧ ಶುರುವಾದ ಮೇಲೆ ತಾನು ಕಂಡೇ ಇಲ್ಲವೆಂದರು.

"ಹಾಗಾದ್ರೆ ನಾನು ಇಲ್ಲೇ ಇರ್ತೀನಾ ಸರ್?"

"ಇರ್ತೀಯ ಕಣಯ್ಯಾ. ಪ್ರತಿ ಶನಿವಾರ, ಇಂಟರ್ವಲ್‌ನಲ್ಲಿ, ಇದೇ ಥರ ತಳ್ಳಬೇಕು. ಬೀಳೋದು ಮಾತ್ರ ಮರೀಬೇಡ."

ಹೆಡ್ಲಿಗೆ ಅರ್ಥವಾಗಲಿಲ್ಲ. "ಮತ್ತೆ ರೇಸು?"

"ರೇಸಲ್ಲಿ ಬೇರೆಯವರು ಓಡಿಸ್ತಾರೆ ಬಿಡು. ಸೋಮವಾರ ಬಂದು ಎಂಜಿನ್ ಬಿಚ್ಚಿ ಕೊಟ್ಟುಬಿಡು. ನಿನಗೂ ತಳ್ಳೋಕೆ ಹಗುರ."